ವಿಮಾನ ಇಳಿಯುವವರೆಗೆ ಡಾಕ್ಟರು

ಹೊರದೇಶದಲ್ಲಿ ಡಾಕ್ಟರಿಕೆ ಓದಿ ಊರಿಗೆ ಮರಳಿದವರನ್ನು ಕೇಳಿ ನೋಡಿ, ಒಬ್ಬೊಬ್ಬರ ಹತ್ತಿರವೂ ಇಂಥ ಪ್ರಸಂಗಗಳು ನಾಲ್ಕಾರು ಇರುತ್ತವೆ. ಮೊದಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ, ಕೊನೆಗೆ ಎರಡಕ್ಕೂ ತ್ರಾಣವಿಲ್ಲದೆ ನಗು ಬರುತ್ತದೆ. ನಾನು ಈಗ ಆ ಮೂರನೇ ಹಂತದಲ್ಲಿದ್ದೇನೆ.

ವಿಷಯ ಇಷ್ಟೇ. ಕಿರ್ಗಿಸ್ತಾನದಲ್ಲಿ ಆರು ವರ್ಷ ಓದಿ, ಪದವಿ ಹಿಡಿದುಕೊಂಡು ಶಾಂತಿಗ್ರಾಮಕ್ಕೆ ಬಂದೆ. ಆ ಪದವಿ ಇಲ್ಲಿ ನಡೆಯಬೇಕಾದರೆ ಇನ್ನೊಂದು ಪರೀಕ್ಷೆ ಪಾಸಾಗಬೇಕು. ಮುನ್ನೂರು ಪ್ರಶ್ನೆ, ನೂರೈವತ್ತಾದರೂ ಸರಿಯಿರಬೇಕು. ಆಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್ಪು, ಅದಾದ ಮೇಲೆ ಪೂರ್ತಿ ನೋಂದಣಿ. ಅಲ್ಲಿಯವರೆಗೆ ಜ್ವರದ ಮಾತ್ರೆ ಬರೆದುಕೊಡುವ ಹಕ್ಕೂ ನನಗಿಲ್ಲ. ಇದನ್ನು ಊರವರಿಗೆಲ್ಲ ವಿವರಿಸಿದ ಹೊತ್ತನ್ನು ಓದುವುದಕ್ಕೆ ಕೊಟ್ಟಿದ್ದರೆ ಮೊದಲನೇ ಸಲವೇ ಪಾಸಾಗುತ್ತಿದ್ದೆ.

ಕತ್ತು

ಬಂದ ವಾರದಲ್ಲೇ ಕಟ್ಟಾಯದಿಂದ ದೂರದ ಸಂಬಂಧದ ಅಜ್ಜಿಯೊಬ್ಬರು ಮಂಡಿನೋವು ಹೊತ್ತುಕೊಂಡು ಮನೆಗೆ ಬಂದರು.

"ಅಜ್ಜಿ, ನಾನಿನ್ನೂ ಚೀಟಿ ಬರೆಯೋ ಹಂಗಿಲ್ಲ," ಅಂದೆ.

"ಚೀಟಿ ಯಾಕವ್ವ, ನಂಗೇನು ಓದಾಕೆ ಬತ್ತದಾ? ಬಾಯಲ್ಲೇ ಏಳು."

"ಬಾಯಲ್ಲೂ ಹೇಳೋ ಹಂಗಿಲ್ಲ."

ಅಜ್ಜಿ ಸೆರಗಿನ ಗಂಟು ಬಿಚ್ಚಿ ಮೂರು ಬಣ್ಣದ ಮೂರು ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡರು. "ಅಂಗಾರೆ ಒಂದೊಂದೇ ತೋರಿಸ್ತೀನಿ. ನೀನು ಸುಮ್ನೆ ತಲೆ ಆಡ್ಸು."

ತಲೆ ಆಡಿಸಿದರೂ ಅದು ವೈದ್ಯವೇ ಆಗುತ್ತದಲ್ಲ. ಅವರು ಒಂದೊಂದೇ ಮಾತ್ರೆ ಎತ್ತಿ ತೋರಿಸುತ್ತಾ ಹೋದರು, ನಾನು ಕತ್ತು ಬಿಗಿಹಿಡಿದು ಕೂತೆ. ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಕಾಫಿ ಕೊಟ್ಟು ಬಸ್ಸು ಹತ್ತಿಸಿದೆ. ಸಂಜೆಯ ಹೊತ್ತಿಗೆ ಕಟ್ಟಾಯದಲ್ಲೆಲ್ಲ ಸುದ್ದಿ: "ಪಾಪ, ಆ ಮಗೀಗೇ ಕತ್ತು ಇಡ್ಕಂಡೈತೆ. ಆರ್ ವರ್ಸ ಓದ್ದೋಳಿಗೆ ಅದೊಂದ್ನ ವಾಸಿ ಮಾಡ್ಕಳಾಕೆ ಆಗ್ನಿಲ್ಲ."

ಫ್ಯಾಟು

ಅಪ್ಪ ನಮ್ಮೂರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಮೊದಲನೇ ಸಲ ನನಗೆ ನೂರ ನಲವತ್ತಾರು ಬಂತು. ಅಪ್ಪ ಫೋನಿನಲ್ಲಿದ್ದ ಅಂಕವನ್ನು ಕನ್ನಡಕ ಹಾಕಿಕೊಂಡು ಒಂದು ಸಲ, ತೆಗೆದು ಒಂದು ಸಲ ನೋಡಿದರು.

"ಬರೀ ನಾಕು ಕಮ್ಮಿಗಾ? ನಮ್ಮ ಡೈರೀಲಿ ಫ್ಯಾಟ್ ಕಮ್ಮಿ ಬಂದ್ರೆ ರೇಟ್ ಇಳಿಸ್ಕಂಡಾದ್ರೂ ಆಲು ತಗತೀವಿ. ಇವ್ರು ಕ್ಯಾನೇ ವಾಪಸ್ ಕಳಿಸ್ತಾರಲ್ಲ."

"ಜನರ ಜೀವದ ವಿಷಯ ಅಪ್ಪ," ಅಂದೆ. ಸೋತದ್ದು ನಾನು, ಪರೀಕ್ಷೆಯ ಪರ ವಕಾಲತ್ತು ಮಾಡಬೇಕಾದದ್ದೂ ನಾನೇ.

"ಅದೂ ಸರಿ ಅನ್ನು," ಎಂದು ಫೋನು ವಾಪಸ್ಸು ಕೊಟ್ಟರು. ಆಮೇಲೆ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳಿದರು: "ಮಗ, ಬೇಜಾರು ಮಾಡ್ಕಬ್ಯಾಡ. ಅಲ್ಲಿ ಕಾಲೇಜ್ನಾಗೆ ಏನಾದ್ರೂ ನೀರು ಸೇರ್ಸಿದ್ರಾ?"

ಕೋವಿಡ್ಡಿನ ಕಾಲದಲ್ಲಿ ಊರಿಗೆ ಬಂದು ಇದೇ ಜಗಲಿಯ ಮೇಲೆ ಕೂತು, ಫೋನಿನ ಆನ್‌ಲೈನ್ ಪಾಠದಲ್ಲೇ ಹೆರಿಗೆ ಮಾಡಿಸುವುದನ್ನು ಕಲಿತವಳು ಏನಂತ ಹೇಳಲಿ.

ಎರಡು ಬೆಳೆ

ನನ್ನ ಜೊತೆಗೇ ಓದಿ ಬಂದ ಅರಕಲಗೂಡಿನ ಹುಡುಗನ ಪಾಡೂ ಇದೇ. ಫೇಲಾದಾಗಲೆಲ್ಲ ಅವನ ತಾತನಿಗೆ, "ವರ್ಷಕ್ಕೆ ಎರಡು ಸಲ ಇರುತ್ತೆ ತಾತ, ಮುಂದಿನ ಸಲ ನೋಡಣ," ಎನ್ನುತ್ತಿದ್ದ. ನಾಲ್ಕನೇ ಸಲ ಆ ಆಲೂಗೆಡ್ಡೆ ಬೆಳೆಯುವ ತಾತ ಹೇಳಿದರಂತೆ: "ವರ್ಸಕ್ಕೆ ಎಲ್ಡು ಬೆಳೆ ಅಂತೀಯ, ಸಂತೋಸ. ಬರೀ ಬಿತ್ತಾದೇ ಆಯ್ತಲ್ಲೋ, ಕೀಳಾದು ಯಾವಾಗ್ಲಾ?"

ಗಡಿ

ಎರಡನೇ ಸಲವೂ ಫೇಲಾಗಿ ಮುಖ ಮುಚ್ಚಿಕೊಂಡು ಮಲಗಿದ್ದ ವಾರದಲ್ಲೇ ಚನ್ನರಾಯಪಟ್ಟಣದ ಕಡೆಯಿಂದ, ಬಾಗೂರಿನವರು ಹೆಣ್ಣು ನೋಡಲು ಬಂದರು. ಉಪ್ಪಿಟ್ಟು ಮುಗಿಯಿತು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಮಾತೆಲ್ಲ ಅವನ ಸೋದರಮಾವನದೇ.

"ಉಡುಗಿ ಡಾಕ್ಟ್ರಲ್ವಾ?" ಎಂದು ಅವರು ಕೇಳಿದರು.

ಅಪ್ಪನಿಗೆ ಸುಳ್ಳು ಬರುವುದಿಲ್ಲ. "ಅಲ್ಲಿ ಆಗವ್ಳೆ. ಇಲ್ಲಿ ಇನ್ನೂ ಆಗ್ಬೇಕು."

"ಅಲ್ಲಿ ಡಾಕ್ಟ್ರು, ಇಲ್ಲಿ ಅಲ್ಲ," ಎಂದು ಮಾವ ಬೆರಳು ಮಡಿಸಿದರು. ಅವರ ಮುಖದಲ್ಲಿ ಕುಹಕವಿರಲಿಲ್ಲ. ಜಮೀನಿನ ಗಡಿ, ಚೆಕ್ಕುಬಂದಿ ವಿಚಾರಿಸುವವರ ಹಾಗೆ ನಿಜಕ್ಕೂ ತಿಳಿದುಕೊಳ್ಳಲು ಕೇಳಿದರು: "ಇಮಾನದಾಗೆ ಬಂದ್ಯಲ್ಲವ್ವ, ಅದ್ರಾಗೆ ಎಲ್ಲೀಗಂಟ ಡಾಕ್ಟ್ರಾಗಿದ್ದೆ?"

ಆ ಸಂಬಂಧ ಕುದುರಲಿಲ್ಲ. ಪ್ರಶ್ನೆ ಮಾತ್ರ ಒಳ್ಳೆಯದಿತ್ತು. ಎರಡು ಸಲದ ಪರೀಕ್ಷೆಯಲ್ಲಿ ನನಗೆ ಬಿದ್ದ ಆರು ನೂರು ಪ್ರಶ್ನೆಗಳಲ್ಲಿ ಅಷ್ಟು ಗಟ್ಟಿಯಾದದ್ದು ಒಂದೂ ಇರಲಿಲ್ಲ.

ಬನ್ನು

ಮೂರನೇ ಸಲದ ಪರೀಕ್ಷೆ ಮೈಸೂರಿನಲ್ಲಿ ಬಿತ್ತು. ಇದೂ ಹೋದರೆ ಡಾಕ್ಟರಿಕೆಯನ್ನೇ ಬಿಟ್ಟುಬಿಡುವುದೆಂದು ನಾನು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಸಾಕಾಗಿ ಹೋಗಿತ್ತು. ಅಮ್ಮನಿಗೆ ಹೇಗೋ ವಾಸನೆ ಹತ್ತಿತ್ತು ಅಂತ ಕಾಣುತ್ತೆ, "ಈ ಸಲ ನಾನೂ ಬತ್ತೀನಿ," ಎಂದು ಅಪ್ಪನ ಜೊತೆ ಕಾರು ಹತ್ತಿದಳು. ಹೊಳೆನರಸೀಪುರದಲ್ಲಿ ಇಡ್ಲಿಗೆಂದು ನಿಲ್ಲಿಸಿದಾಗ ಅಮ್ಮ ಇಳಿಯಲಿಲ್ಲ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ.

ಬೆಳಗಿನ ಅರ್ಧ ಪರೀಕ್ಷೆ ಮುಗಿಸಿ ಗೇಟಿನಿಂದ ಹೊರಗೆ ಬರುತ್ತಿದ್ದೇನೆ, ಫುಟ್‌ಪಾತಿನ ಮೇಲೆ ನಿಂತಿದ್ದ ಅಮ್ಮ ನನ್ನನ್ನು ನೋಡುತ್ತಲೇ ಕುಸಿದು ಕೂತಳು. ಅಪ್ಪ ಗಾಬರಿಯಲ್ಲಿ ಕೂಗಿದರು: "ಯಾರಾದ್ರೂ ಡಾಕ್ಟ್ರು ಇದ್ದೀರೇನ್ರಪ್ಪ!"

ಆ ಗೇಟಿನ ಮುಂದೆ ನಿಂತವರೆಲ್ಲ ಡಾಕ್ಟರಿಕೆ ಓದಿದವರೇ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದು ಎನ್ನುವ ಹಕ್ಕು ಯಾರಿಗೂ ಇಲ್ಲ. ಆಮೇಲೆ ಇಪ್ಪತ್ತು ಜನ ಒಟ್ಟಿಗೇ ಓಡಿ ಬಂದರು. ಒಬ್ಬ ನಾಡಿ ಹಿಡಿದ. ಒಬ್ಬಳು ಕಣ್ಣಿನ ರೆಪ್ಪೆ ಎಳೆದಳು. ನಾನು ಕಾಲು ಮೇಲೆತ್ತಿ ಹಿಡಿದೆ. ಹೃದಯದ್ದು ಅಂದ ಒಬ್ಬ, ಥೈರಾಯ್ಡು ಅಂದಳು ಇನ್ನೊಬ್ಬಳು, ಇಲ್ಲ ಕಿವಿಯೊಳಗಿನ ದ್ರವದ್ದು ಅಂದ ಮತ್ತೊಬ್ಬ. ಹಿಂದಿನಿಂದ ಯಾರೋ, "ಇದು ಹೋದ ಸಲ ಬಂದಿತ್ತು, ಉತ್ತರ ಸಿ," ಅಂದರು.

ಅಷ್ಟರಲ್ಲಿ ಪಕ್ಕದಲ್ಲಿ ಟೀ, ಬನ್ನು ಮಾರುತ್ತಿದ್ದ ಹೆಂಗಸು ನಮ್ಮನ್ನೆಲ್ಲ ಮೊಣಕೈಯಲ್ಲಿ ಸರಿಸಿ ಒಳಗೆ ಬಂದಳು. "ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀರಾ ಅಮ್ಮ?" ಎಂದಳು. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ನಾನು ಬರೆದು ಬರುವವರೆಗೆ ನೀರೂ ಮುಟ್ಟುವುದಿಲ್ಲವೆಂದು ಮನೆದೇವರಿಗೆ ಹರಕೆ ಹೊತ್ತಿದ್ದಳಂತೆ. ಒಂದು ಬನ್ನು, ಸಕ್ಕರೆ ಜಾಸ್ತಿ ಹಾಕಿದ ಒಂದು ಲೋಟ ಟೀ. ಹತ್ತು ನಿಮಿಷಕ್ಕೆ ಅಮ್ಮ ಎದ್ದು ಕೂತು ನನ್ನ ಕೂದಲು ಸರಿಮಾಡುತ್ತಿದ್ದಳು. ನಾನು ಮಧ್ಯಾಹ್ನದ ಪ್ರಶ್ನೆಗಳಿಗೆ ಒಳಗೆ ಹೋದೆ.

ಆ ಸಲ ಪಾಸಾದೆ. ನೂರ ಐವತ್ತೇಳು. ಫಲಿತಾಂಶ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದಳು. ನಾನು ಅವಳ ಭುಜದ ಮೇಲೆ ತಲೆ ಇಟ್ಟು ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ, "ಅಂತೂ ಇಂತೂ ಈ ದರಿದ್ರದ ಪರೀಕ್ಷೆ ಮುಗೀತು," ಅಂದೆ.

"ಬೈಬ್ಯಾಡ ಕಣವ್ವ ಅದ್ನ," ಅಂದಳು ಅಮ್ಮ, ಕಾಳು ಹಿದುಕುವುದನ್ನು ನಿಲ್ಲಿಸದೆ. "ನಾನೂ ಬೈತಿದ್ದೆ, ಈಗ ಬೈಯಾಕಿಲ್ಲ. ಅವತ್ತು ಇಪ್ಪತ್ತು ಜನ ನನ್ ಕೈ ಇಡ್ದು ನೋಡಿದ್ರಿ. ಉಂಡಿದ್ದೀಯಾ ಅಂತ ಒಬ್ರೂ ಕೇಳ್ನಿಲ್ಲ. ನನ್ ಒಟ್ಟೇಲಿ ಉಟ್ಟಿದ್ದೋಳು ನೀನೂ ಕೇಳ್ನಿಲ್ಲ. ನಿಜವಾಗ್ಲೂ ಅವತ್ತು ಪಾಸಾಗಿದ್ದು ಆ ಬನ್ ಮಾರೋಳೊಬ್ಳೇ ಕಣವ್ವ."