ಸರಿ ಉತ್ತರಕ್ಕೆ ಮೈನಸ್ ಐದು

ಅಳೆಯಲಾಗದ ವಸ್ತು ಈ ಭೂಮಿಯ ಮೇಲೆ ಇಲ್ಲವೇ ಇಲ್ಲ! ಇದ್ದರೆ ಅಳೆಯುವವನು ಸರಿಯಿಲ್ಲ, ಅಷ್ಟೆ. ಹೀಗೆಂದು ನಾನು ನಮ್ಮ ಮನೆಯ ಸೋಫಾದ ಮೇಲೆ ಕುಳಿತು ಘೋಷಿಸಿದೆ. ಅದನ್ನು ಕೇಳಿದ ತಕ್ಷಣ ನನ್ನ ಹೆಂಡತಿ ಟೀವಿಯ ಸದ್ದು ಜಾಸ್ತಿ ಮಾಡಿದಳು.

ಹಾಗೆ ಘೋಷಿಸುವ ಹಕ್ಕು ನನಗಿದೆ. ನಾನು ತೂಕ ಮತ್ತು ಅಳತೆಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಅಂಗಡಿಯ ತಕ್ಕಡಿ ನಿಜ ಹೇಳುತ್ತಿದೆಯೇ, ಔಷಧಿಯ ಅಳತೆಗ್ಲಾಸು ಸುಳ್ಳು ಹೇಳುತ್ತಿದೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಉದ್ಯೋಗ. ಕೂದಲೆಳೆಯ ವ್ಯತ್ಯಾಸ ಬಂದರೂ ನನಗೆ ಅಂದು ಊಟ ರುಚಿಸುವುದಿಲ್ಲ. ಅಂಥವನ ಮನೆಯಲ್ಲಿ ಪ್ರತಿ ಭಾನುವಾರ ಸಂಜೆ ನೋಡುವುದು ಏನನ್ನು? ‘ಹೇಳಿದ್ದೇ ಉತ್ತರ’ ಎಂಬ ಹಾಸ್ಯ ಕ್ವಿಜ್ಜನ್ನು!

ಕೆಂಪು ತಂಡ, ನೀಲಿ ತಂಡ. ತಂಡಕ್ಕೆ ಇಬ್ಬರು ಹಾಸ್ಯಗಾರರು. ನಡುವೆ ಗಂಟೆ ಹಿಡಿದ ನಿರೂಪಕ. ಇಷ್ಟರವರೆಗೆ ಎಲ್ಲವೂ ವೈಜ್ಞಾನಿಕವಾಗಿಯೇ ಇದೆ. ಅನರ್ಥ ಶುರುವಾಗುವುದು ಅಂಕ ಕೊಡುವಾಗ.

“ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ?” ಎಂದು ನಿರೂಪಕ ಕೇಳುತ್ತಾನೆ. ಕೆಂಪು ತಂಡದ ಕನ್ನಡಕದಾಕೆ, “ನೂರು” ಎನ್ನುತ್ತಾಳೆ.

“ಸರಿ ಉತ್ತರ! ಆದರೆ ಬೇಜಾರು ಉತ್ತರ. ಮೈನಸ್ ಐದು!”

ನೀಲಿ ತಂಡದ ಬೊಜ್ಜಣ್ಣ ಎದ್ದು, “ನಾನು ಸ್ನಾನಕ್ಕೆ ಹೋದ ದಿನ ಅದು ಕುದಿಯೋದೇ ಇಲ್ಲ ಸಾರ್” ಎನ್ನುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. “ಹದಿನೇಳು!” ಎಂದು ನಿರೂಪಕ ಗಂಟೆ ಬಾರಿಸುತ್ತಾನೆ. ಹದಿನೇಳು ಎಲ್ಲಿಂದ ಬಂತು? ಹದಿನಾರು ಯಾಕಲ್ಲ? ಕೇಳುವವರಿಲ್ಲ! ನನ್ನ ಹೆಂಡತಿ, ಅತ್ತೆ ಇಬ್ಬರೂ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರೆ ನಾನು ಮಾತ್ರ ಹಲ್ಲುನೋವು ಬಂದವನಂತೆ ಕೂತಿರುತ್ತಿದ್ದೆ.

“ಇದಕ್ಕೂ ಒಂದು ಸೂತ್ರ ಇರಲೇಬೇಕು. ಕಂಡುಹಿಡೀತೀನಿ” ಎಂದೆ.

“ಕಂಡುಹಿಡಿದು?” ಎಂದಳು ಹೆಂಡತಿ.

“ಫೈನಲ್‌ನಲ್ಲಿ ಯಾರು ಗೆಲ್ತಾರೆ ಅಂತ ಮುಂಚೆಯೇ ಹೇಳ್ತೀನಿ.”

“ಬೆಟ್ಟು ಕಟ್ತೀರಾ?”

“ಏನು ಬೆಟ್ಟು?”

“ಕೋಣೆ!”

ನಾನು ಸೋಫಾದಲ್ಲಿ ನೆಟ್ಟಗೆ ಕೂತೆ. ಯಾಕೆಂದರೆ ಕೋಣೆ ನಮ್ಮ ಮನೆಯ ಯುದ್ಧಭೂಮಿ. ಬಾಡಿಗೆಗಿದ್ದ ನರ್ಸಮ್ಮ ವರ್ಗವಾಗಿ ಹೋದ ಮೇಲೆ ಒಳಗಿನ ಒಂದು ಕೋಣೆ ಖಾಲಿ ಬಿದ್ದಿತ್ತು. ನನ್ನ ಹಳೆಯ ತಕ್ಕಡಿಗಳ ಸಂಗ್ರಹ ಮಂಚದಡಿಯಲ್ಲಿ ಉಸಿರುಗಟ್ಟಿ ಮಲಗಿದೆ. ಅವನ್ನು ಅಲ್ಲಿ ಸಾಲಾಗಿ ಜೋಡಿಸಬೇಕೆಂಬುದು ನನ್ನ ಕನಸು. ಹೆಂಡತಿ ಟೈಲರ್. ಕೋಟು, ಗೌನು, ಪರದೆ ಎಲ್ಲವನ್ನೂ ನಡುಮನೆಯ ದೊಡ್ಡ ಟೇಬಲ್ಲಿನ ಮೇಲೆ ಕತ್ತರಿಸುತ್ತಾಳೆ. ನಾವು ಊಟ ಮಾಡುವುದೂ ಅದೇ ಟೇಬಲ್ಲಿನ ಮೇಲೆ. ಸಾರಿನಲ್ಲಿ ಗುಂಡಿ ಸಿಕ್ಕಿದ್ದುಂಟು. ಒಮ್ಮೆ ಯಾರದೋ ಮದುವೆಯ ಬಿಳಿ ಗೌನಿನ ಮೇಲೆ ನನ್ನ ಊಟದ ಗುರುತು ಬಿದ್ದು, ಅವಳು ಇಡೀ ರಾತ್ರಿ ಕೂತು ಆ ಭಾಗವನ್ನೇ ಬಿಚ್ಚಿ ಹೊಸದಾಗಿ ಹೊಲಿದಿದ್ದಳು. ಅಂದಿನಿಂದ ಕೋಣೆ ಅವಳಿಗೆ ಬೇಕೇ ಬೇಕು. ಹಂಚಿಕೊಳ್ಳೋಣವೆಂದರೆ ಅವಳ ಟೇಬಲ್ಲು ಒಳಗೆ ಹೋದ ಮೇಲೆ ಅಲ್ಲಿ ಒಂದು ಸೊಳ್ಳೆಗೂ ಜಾಗ ಉಳಿಯುವುದಿಲ್ಲ.

“ಆಗಲಿ! ಫೈನಲ್ಲೇ ತೀರ್ಮಾನ ಮಾಡಲಿ” ಎಂದೆ. “ತೀರ್ಪುಗಾರರು ಯಾರು?”

“ನಾನು” ಎಂದರು ಅತ್ತೆ. ಮಗಳ ಕಡೆ ವಾಲುತ್ತಾರೇನೋ ಎಂದು ನನಗೆ ಅನುಮಾನ. ಅತ್ತೆ ಅದನ್ನು ಮುಖದಲ್ಲೇ ಓದಿ, “ಹೆದರಬೇಡಿ ಅಳಿಯಂದ್ರೇ, ನಾನು ಯಾರ ಕಡೆಯೂ ಅಲ್ಲ. ನಂಗೆ ಆ ಟೇಬಲ್ ಮೇಲೆ ಊಟ ಮಾಡೋದೂ ಇಷ್ಟ ಇಲ್ಲ, ನಿಮ್ಮ ತಕ್ಕಡಿ ಒರೆಸೋದೂ ಇಷ್ಟ ಇಲ್ಲ” ಎಂದು ಸಮಾಧಾನ ಹೇಳಿದರು.

ಸಂಶೋಧನೆ ಆರಂಭವಾಯಿತು! ನನ್ನ ಮೊದಲ ಊಹೆ: ಅಂಕಕ್ಕೂ ಸಭಿಕರ ನಗುವಿನ ಗದ್ದಲಕ್ಕೂ ಸಂಬಂಧವಿದೆ. ಊಹೆ ಸಾಕೇ? ಅಳೆಯಬೇಕು. ಪ್ರಯೋಗಾಲಯದ ಶಬ್ದ ವಿಭಾಗದಲ್ಲಿರುವ ಸಹೋದ್ಯೋಗಿಯ ಹತ್ತಿರ ಸದ್ದು ಅಳೆಯುವ ಮೀಟರು ಕೇಳಿದೆ.

“ಯಾಕ್ರೀ, ಪಕ್ಕದ ಮನೇಲಿ ನಾಯಿ ಸಾಕಿದ್ದಾರಾ?”

“ಇಲ್ಲ. ಜನರ ನಗು ಅಳೀಬೇಕು.”

ಅವನು ಮೀಟರನ್ನು ಕೊಟ್ಟ. ಕೊಡುವಾಗ ನನ್ನ ಹಣೆ ಮುಟ್ಟಿ ನೋಡಿದ.

ಮುಂದಿನ ಭಾನುವಾರ ಮೀಟರನ್ನು ಟೀವಿಯ ಮುಂದೆ ಸ್ಟೂಲಿನ ಮೇಲೆ ಪ್ರತಿಷ್ಠಾಪಿಸಿದೆ. ಕಾರ್ಯಕ್ರಮ ಶುರುವಾಗಿ ಬೊಜ್ಜಣ್ಣ ಬಾಯಿ ತೆರೆದನೋ ಇಲ್ಲವೋ, ಮೀಟರಿನ ಮುಳ್ಳು ಛಾವಣಿಗೆ ಹಾರಿತು. ಸಭಿಕರ ನಗು ಅಷ್ಟಿತ್ತೇ? ಇಲ್ಲ, ಅದು ಅತ್ತೆಯ ನಗು! ಅತ್ತೆ ನಕ್ಕರೆ ಅಡುಗೆಮನೆಯ ಮುಚ್ಚಳಗಳೂ ಒಂದೊಂದು ಸಲ ಜೊತೆಗೂಡುತ್ತವೆ.

“ದಯವಿಟ್ಟು ಯಾರೂ ನಗಬೇಡಿ! ಅಳತೆ ಕೆಡುತ್ತೆ!” ಎಂದು ಕೂಗಿದೆ.

“ಹಾಸ್ಯ ಕಾರ್ಯಕ್ರಮ ನೋಡ್ತಾ ನಗಬಾರದಾ?” ಎಂದಳು ಹೆಂಡತಿ.

“ಮನಸ್ಸಿನಲ್ಲಿ ನಗು. ಯಾರು ಬೇಡ ಅಂದ್ರು?”

ಮನಸ್ಸಿನಲ್ಲಿ ನಗುವುದು ಹೇಗೆಂದು ನಿಮಗೆ ಗೊತ್ತಿದೆಯೇ? ನಮ್ಮ ಅತ್ತೆಗೆ ಗೊತ್ತಿರಲಿಲ್ಲ. ದಿಂಬಿಗೆ ಮುಖ ಒತ್ತಿ ತಡೆದುಕೊಂಡರು. ಹೆಗಲು ಕುಣಿಯಿತು, ಸೋಫಾ ಕುಣಿಯಿತು, ಕೊನೆಗೆ ಬಿಕ್ಕಳಿಕೆ ಹತ್ತಿತು. ಒಂದೊಂದು ಬಿಕ್ಕಳಿಕೆಗೂ ಮುಳ್ಳು ಜಿಗಿಯಿತು! ಸತ್ತೇ ಹೋಗುತ್ತಾರೇನೋ ಎಂದು ಹೆಂಡತಿ ನೀರು ತಂದಳು. ನಾನು, “ಲೋಟ ಮೆಲ್ಲಗೆ ಇಡು” ಎಂದೆ. ಆ ಮಾತಿಗಾಗಿ ನನಗೆ ಆ ವಾರವೆಲ್ಲ ಚಹಾ ಅರ್ಧ ಲೋಟವೇ ಬಂತು.

ಆಮೇಲೆ ಅಮ್ಮ ಮಗಳು ಇಬ್ಬರೂ ಕಾರ್ಯಕ್ರಮ ನೋಡಲು ಪಕ್ಕದ ದಂತವೈದ್ಯರ ಮನೆಗೆ ಹೋಗತೊಡಗಿದರು. ನಾನು ಒಬ್ಬನೇ ಕತ್ತಲು ಕೋಣೆಯ ವಿಜ್ಞಾನಿಯಂತೆ ಪರದೆ ಎಳೆದು, ಹುಬ್ಬು ಗಂಟಿಕ್ಕಿ, ಜೋಕುಗಳನ್ನು ಅಳೆದೆ. ಅಲ್ಲೂ ಶಾಂತಿ ಇಲ್ಲ! ಗೋಡೆಯಾಚೆಯಿಂದ ಅತ್ತೆಯ ನಗು ಇಟ್ಟಿಗೆ ದಾಟಿ ಬರುತ್ತಿತ್ತು. ಗೋಡೆಗೆ ಹಾಸಿಗೆ ಒರಗಿಸಿದೆ. ಹಾಸಿಗೆ ನನ್ನ ಮೇಲೇ ಬಿತ್ತು. ಹಾಸಿಗೆಯ ಅಡಿಯಿಂದಲೇ ಮುಳ್ಳನ್ನು ಓದಿದೆ. ಸಂಶೋಧನೆ ಎಂದರೆ ತಮಾಷೆಯಲ್ಲ!

ಇಷ್ಟೆಲ್ಲ ಆದ ಮೇಲೆ ಸೂತ್ರ ಹುಟ್ಟಿತು. ನಗುವಿನ ಸದ್ದನ್ನು ನಗುವಿನ ಉದ್ದದಿಂದ ಗುಣಿಸಬೇಕು, ಉತ್ತರ ಎಷ್ಟು ಸರಿಯೋ ಅದರಿಂದ ಭಾಗಿಸಬೇಕು. ಪೂರ್ತಿ ತಪ್ಪು ಉತ್ತರ ಬಂದರೆ ಸೊನ್ನೆಯಿಂದ ಭಾಗಿಸುವ ಕಷ್ಟ ಬರುತ್ತದೆ. ಆದ್ದರಿಂದ ಎಂಥ ಮೂರ್ಖತನದಲ್ಲೂ ಚಿಟಿಕೆಯಷ್ಟು ಸತ್ಯ ಇರುತ್ತದೆ ಎಂದಿಟ್ಟುಕೊಂಡೆ. ನಿರೂಪಕ ಕೊಡುವ ಮೈನಸ್ಸುಗಳನ್ನೆಲ್ಲ ಸೊನ್ನೆ ಎಂದೇ ಲೆಕ್ಕ ಹಿಡಿದೆ. ಹಳೆಯ ಕಂತುಗಳಿಗೆ ಹಚ್ಚಿ ನೋಡಿದರೆ, ಆಹಾ! ಅಳತೆ ಕೊಟ್ಟು ಹೊಲಿಸಿದಂತೆ ಹೊಂದಿತು. ಅತ್ತೆಯನ್ನು ಕೂರಿಸಿ ವಿವರಿಸಿದೆ.

“ಅಂದ್ರೆ, ಉತ್ತರ ಸರಿ ಇದ್ದಷ್ಟೂ ಅಂಕ ಕಮ್ಮಿ?” ಎಂದರು.

“ಹೌದು ಅತ್ತೆ!”

“ನಗು ಬಂದಷ್ಟೂ ಜಾಸ್ತಿ?”

“ಅದೇ ನನ್ನ ಆವಿಷ್ಕಾರ! ಇದು ಎಲ್ಲಿ ಹಚ್ಚಿದರೂ ಸುಳ್ಳಾಗೋದಿಲ್ಲ.”

“ಒಳ್ಳೇದಾಯ್ತು ಬಿಡಿ” ಎಂದರು ಅತ್ತೆ. ಆ ‘ಒಳ್ಳೇದಾಯ್ತು’ ಎಂಬುದನ್ನು ನಾನು ಅಳೆಯಲಿಲ್ಲ. ತಪ್ಪಾಯಿತು.

ಫೈನಲ್ಲಿನ ಸಂಜೆ ಬಂತು. ಸೂತ್ರದ ಕೆಲಸ ಮುಗಿದಿದ್ದರಿಂದ ಎಲ್ಲರಿಗೂ ನಗಲು ಅಪ್ಪಣೆ ಕೊಟ್ಟೆ. ಅತ್ತೆ ಕನ್ನಡಕ ಏರಿಸಿ ನ್ಯಾಯಾಧೀಶರ ಗತ್ತಿನಲ್ಲಿ ನಡುವೆ ಕುಳಿತರು.

“ನಿಮ್ಮ ನಿಮ್ಮ ಉತ್ತರ ಹೇಳಿ.”

“ನೀಲಿ ತಂಡ, ಅದೂ ಕೊನೆಯ ಪ್ರಶ್ನೆಯಲ್ಲಿ” ಎಂದು ನಾನು ಎದ್ದು ನಿಂತು ನುಡಿದೆ. ಸೂತ್ರದ ಲೆಕ್ಕದಲ್ಲಿ ಬೊಜ್ಜಣ್ಣನ ಅಂಕ ಪ್ರತಿ ಕಂತಿನಲ್ಲೂ ಕೊನೆಯ ಪ್ರಶ್ನೆಗೇ ಜಿಗಿಯುತ್ತಿತ್ತು.

“ನೀನು?” ಎಂದರು ಅತ್ತೆ ಮಗಳತ್ತ ತಿರುಗಿ.

“ಕೆಂಪು” ಎಂದಳು ಹೆಂಡತಿ, ಕೋಟಿಗೆ ಗುಂಡಿ ಹೊಲಿಯುತ್ತ.

“ಆಧಾರ?” ಎಂದು ನಾನು ಕೇಳಿದೆ.

“ಕೆಂಪು ಬಟ್ಟೆ ಬಣ್ಣ ಬಿಡುತ್ತೆ ರೀ. ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದ್ರೆ ನೀಲಿ ಉಳಿಯುತ್ತಾ? ಹೋದ ವರ್ಷ ನಿಮ್ಮ ಬನಿಯನ್ನಿಗೆ ಏನಾಯ್ತು ಮರೆತ್ರಾ? ಆ ಗುಲಾಬಿ ಬಣ್ಣದಲ್ಲೇ ಆಫೀಸಿನ ಆರೋಗ್ಯ ತಪಾಸಣೆಗೆ ಹೋಗಿ ಶರ್ಟು ಬಿಚ್ಚಿದ್ರಲ್ಲ!”

ಅತ್ತೆ ನಕ್ಕರು. ಬಿಕ್ಕಳಿಕೆ ಬರುವವರೆಗೆ ನಕ್ಕರು. ನಾನು ಕರುಣೆಯಿಂದ ತಲೆಯಾಡಿಸಿದೆ. ಇಂಥ ಆಧಾರವನ್ನು ನಂಬಿ ಪಾಪ, ಕೋಣೆ ಕಳೆದುಕೊಳ್ಳುತ್ತಾಳಲ್ಲ!

ಕಾರ್ಯಕ್ರಮ ನಡೆಯಿತು. ಕೆಂಪು ತಂಡ ಮುಂದೆ ಓಡಿತು. ಹೆಂಡತಿ ದಾರ ಕಚ್ಚುತ್ತ ಓರೆಗಣ್ಣಿನಲ್ಲಿ ನನ್ನನ್ನು ನೋಡಿದಳು. ಕೊನೆಯ ಪ್ರಶ್ನೆ: “ಗುರುತ್ವಾಕರ್ಷಣೆ ಎಂದರೇನು?” ಕನ್ನಡಕದಾಕೆ ಅಚ್ಚುಕಟ್ಟಾಗಿ, ತಪ್ಪಿಲ್ಲದೆ, ಪಠ್ಯಪುಸ್ತಕದಂತೆ ಹೇಳಿದಳು. ಮೈನಸ್ ಒಂಬತ್ತು! ಬೊಜ್ಜಣ್ಣ ಉತ್ತರಿಸಲೆಂದು ಏಳುವಾಗ ಕುರ್ಚಿಯೂ ಅವನ ಜೊತೆ ಎದ್ದಿತು. ಬಿಡಿಸಿಕೊಳ್ಳಲು ಹೋಗಿ ಕುರ್ಚಿಸಮೇತ ಧೊಪ್ಪೆಂದು ಬಿದ್ದ. ಸಭೆ ಗೊಳ್ಳೆಂದಿತು. “ಉತ್ತರ ಕೊಟ್ಟಿದ್ದು ಕುರ್ಚಿ. ಕುರ್ಚಿ ನೀಲಿ ತಂಡದ್ದು. ನಲವತ್ತು!” ಎಂದ ನಿರೂಪಕ. ನೀಲಿ ತಂಡ ಗೆದ್ದಿತು!

ನಾನು ಸೋಫಾದ ಮೇಲೆ ಹತ್ತಿ ಕುಣಿದೆ. “ನೀಲಿ! ಕೊನೆಯ ಪ್ರಶ್ನೆಯಲ್ಲಿ! ಅಕ್ಷರಶಃ ನಿಜ! ವಿಜ್ಞಾನ ಗೆದ್ದಿತು!” ಆ ಹೊತ್ತಿಗೆ ಹೆಂಡತಿಯ ಸೂಜಿ ನಿಂತಿತ್ತು. ಅವಳು ನಡುಮನೆಯ ಟೇಬಲ್ಲಿನ ಕಡೆ ಒಮ್ಮೆ ನೋಡಿ, ಅಲ್ಲಿದ್ದ ಬಟ್ಟೆಯನ್ನು ಸುಮ್ಮನೆ ಮಡಿಸತೊಡಗಿದಳು, ಊಟಕ್ಕೆ ಜಾಗ ಮಾಡಲು. ನಾನು ಕುಣಿತ ನಿಲ್ಲಿಸಿ ಸೋಫಾದಿಂದ ಕೆಳಗಿಳಿದೆ. ಆದರೂ ಗೆದ್ದವನು ಗೆದ್ದವನೇ!

“ಕೂತ್ಕೊಳ್ಳಿ ಅಳಿಯಂದ್ರೇ. ಅಂಕ ಇನ್ನೂ ಕೊಟ್ಟಿಲ್ಲ” ಎಂದರು ಅತ್ತೆ.

“ಏನು ಅಂಕ? ನನ್ನ ಉತ್ತರ ಸರಿ!”

“ಪೂರ್ತಿ ಸರಿ. ಕೂದಲೆಳೆಯಷ್ಟೂ ತಪ್ಪಿಲ್ಲ. ನಗು ಬಂತಾ? ಇಲ್ಲ. ನಿಮ್ಮ ಸೂತ್ರದ ಪ್ರಕಾರ ಎಷ್ಟು ಬರುತ್ತೆ?”

“ಸೊನ್ನೆ” ಎಂದೆ.

“ಇವಳ ಉತ್ತರ ಪೂರ್ತಿ ತಪ್ಪು. ಆದ್ರೆ ಆ ಬನಿಯನ್ನಿಗೆ ನಂಗೆ ಬಿಕ್ಕಳಿಕೆನೇ ಬಂತು. ಅದಕ್ಕೆಷ್ಟು?”

ಭಾಗಿಸಿ ನೋಡಿದೆ. ಹೇಳಲು ನಾಚಿಕೆಯಾಗುವಷ್ಟು ದೊಡ್ಡ ಸಂಖ್ಯೆ ಬಂತು.

“ಎಲ್ಲಿ ಹಚ್ಚಿದ್ರೂ ಸುಳ್ಳಾಗಲ್ಲ ಅಂದಿದ್ದು ನೀವೇ ತಾನೇ? ಕೋಣೆ ಇವಳಿಗೆ!”

“ಅತ್ತೆ, ಅಪೀಲಿಗೆ ಅವಕಾಶ ಇದೆಯಾ?”

“ಇದೆ. ಅಪೀಲಿಗೆ ಮೈನಸ್ ಹತ್ತು.”

ಹೆಂಡತಿ ಮಡಿಸುತ್ತಿದ್ದ ಬಟ್ಟೆಯಲ್ಲಿ ಮುಖ ಹುದುಗಿಸಿ ನಕ್ಕಳು. ಅತ್ತೆ ನಕ್ಕರು. ಏನಾಯಿತೋ, ಅಷ್ಟು ವಾರಗಳಿಂದ ಅಳೆದೂ ಅಳೆದೂ ಒಮ್ಮೆಯೂ ನಗದಿದ್ದ ನಾನೂ ನಕ್ಕುಬಿಟ್ಟೆ!

ಸೋತವನಿಗೆ ಸ್ವಲ್ಪವಾದರೂ ಗೌರವ ಬೇಕಲ್ಲ? “ಟೇಬಲ್ಲನ್ನು ಈಗಲೇ ಸಾಗಿಸಿಬಿಡೋಣ” ಎಂದೆ ಉದಾರವಾಗಿ.

“ನಾಳೆ ಬಡಗಿ ಬರಲಿ ರೀ, ಕಾಲು ಬಿಚ್ಚಿಸೋಣ. ಬಾಗಿಲು ಚಿಕ್ಕದು.”

“ಅಳತೆಯ ವಿಷಯ ನನಗೆ ಹೇಳ್ತೀಯಾ? ಕಣ್ಣಳತೆಯಲ್ಲೇ ಗೊತ್ತಾಗುತ್ತೆ, ಸಲೀಸಾಗಿ ಹೋಗುತ್ತೆ. ನೀನು ಆ ತುದಿ ಹಿಡಿ!”

ನಾನು ಹಿಮ್ಮುಖವಾಗಿ ಕೋಣೆಯೊಳಗೆ ನಡೆದೆ. ಟೇಬಲ್ಲು ಅರ್ಧ ಬಂತು. ಆಮೇಲೆ ಮುಂದೆಯೂ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಎಳೆದೆವು, ತಳ್ಳಿದೆವು, ಓರೆ ಮಾಡಿದೆವು. ಬಾಗಿಲ ಚೌಕಟ್ಟಿಗೆ ಬಿರಡೆ ಹಾಕಿದಂತೆ ಭದ್ರವಾಗಿ ಕೂತುಬಿಟ್ಟಿತು. ಕಿಟಕಿಗೆ ಕಬ್ಬಿಣದ ಸರಳು. ನಾನು ಒಳಗೆ, ಮನೆ ಹೊರಗೆ!

ಕೈ ಮಾತ್ರ ತೂರುವಂತಿದ್ದ ಟೇಬಲ್ಲಿನ ಕಾಲುಗಳ ಸಂದಿಯಿಂದ ಹೆಂಡತಿ ಬಗ್ಗಿ ನೋಡಿದಳು.

“ಬೇಜಾರು ಮಾಡ್ಕೋಬೇಡಿ ರೀ. ಬಡಗಿ ಬರೋವರೆಗೂ ಕೋಣೆ ನಿಮ್ಮದೇ!”