ಬಡಪಾಯಿ ರಾಕ್ಷಸರ ಮಾನದ ಪ್ರಶ್ನೆ

ದಾಳ ಹಿಡಿದು ಕೂತರೆ ಸಾಕು, ನಮ್ಮ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗೇ ಆಗುತ್ತಿತ್ತು. ಬಿಡದಿಯಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ವರ್ಷಗಳವು. ನಾನು ಅಲ್ಲೊಂದರಲ್ಲಿ ಬಿಡಿಭಾಗಗಳ ತಪ್ಪು ಹುಡುಕುವ ಕೆಲಸದಲ್ಲಿದ್ದೆ, ರಾಮನಗರದಲ್ಲಿ ಬಾಡಿಗೆಗಿದ್ದೆ. ಭಾನುವಾರ ಮಧ್ಯಾಹ್ನ ಇಬ್ಬರು ಗೆಳೆಯರು ಬರುತ್ತಿದ್ದರು. ಒಬ್ಬ ನಮ್ಮ ಕಾರ್ಖಾನೆಯ ವೆಲ್ಡರ್, ಉಯ್ಯಂಬಳ್ಳಿ ಕಡೆಯ ರೈತರ ಮನೆಯವನು. ಇನ್ನೊಬ್ಬರು ಚನ್ನಪಟ್ಟಣದ ಹೈಸ್ಕೂಲು ಮೇಷ್ಟ್ರು. ಆಟ ಇಷ್ಟೇ: ನಾನು ಕಥೆ ಹೇಳಬೇಕು, ಅವರಿಬ್ಬರೂ ಅದರೊಳಗಿನ ವೀರರಾಗಬೇಕು, ಏಟು ಬಿತ್ತೋ ತಪ್ಪಿತೋ ಎಂಬುದನ್ನು ದಾಳ ಹೇಳಬೇಕು. ವೆಲ್ಡರ್ ಖಡ್ಗವೀರ, ಮೇಷ್ಟ್ರು ಮಂತ್ರವಾದಿ. ರಾಕ್ಷಸರೆಲ್ಲ ನನ್ನವರು.

ಟೀ ಆರುವುದರೊಳಗೆ

ಮೊದಲ ಕಾಳಗಕ್ಕೆ ಮೊಣಕಾಲೆತ್ತರದ ಎಂಟು ಮೋಟು ರಾಕ್ಷಸರನ್ನು ಬಿಟ್ಟೆ. ಆಟದ ಪುಸ್ತಕದ ಪ್ರಕಾರ ಅವರದು ಚಿಟಿಕೆಯಷ್ಟು ಪ್ರಾಣ, ಒಂದೇಟು ಬಿದ್ದರೆ ಮುಗಿಯಿತು. ಅವರ ಹಲ್ಲು, ಉಗುರು, ಕೆಂಗಣ್ಣು ಎಲ್ಲ ವರ್ಣಿಸಿ ನಾನು ಟೀ ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಎಲ್ಲರೂ ಸತ್ತುಬಿದ್ದಿದ್ದರು.

“ನಮ್ಮ ಹೊಲುಕ್ಕೆ ಬರೋ ಹಂದಿಗ್ಳೇ ಇವ್ಕಿಂತ ವಾಸಿ ಕಣ್ಲಾ” ಎಂದ ವೆಲ್ಡರ್.

ಮೇಷ್ಟ್ರು ಇನ್ನೂ ಕಠೋರ. “ಈ ತಿಂಗಳು ನೋಡ್ತೀನಿ. ಹಿಂಗೇ ಆದ್ರೆ ಭಾನುವಾರ ಇಸ್ಪೀಟು ಆಡೋಣ.”

ವಾರವೆಲ್ಲ ತಪ್ಪು ಹುಡುಕುವವನಿಗೆ ಏನಾದರೂ ಕಟ್ಟುವ ಸುಖ ಸಿಗುತ್ತಿದ್ದುದು ಅದೊಂದೇ ಮಧ್ಯಾಹ್ನ. ದೊಡ್ಡ ರಾಕ್ಷಸನೊಬ್ಬನನ್ನು ತಂದು ನಿಲ್ಲಿಸಬಹುದಿತ್ತು, ಆದರೆ ಹಠ ಬಂತು. “ಈ ಮೋಟುಗಳ ಕೈಲೇ ನಿಮಗೆ ಬೆವರಿಳಿಸ್ತೀನಿ” ಎಂದೆ.

“ಅದುಕ್ಯಾಕೆ ಅಷ್ಟು ಕಷ್ಟ?” ಎಂದ ವೆಲ್ಡರ್. “ಆ ಫ್ಯಾನ್ ಆಫ್ ಮಾಡು, ಸಾಕು.”

ಬಂಡೆಯ ಮೇಲೆ

ಬಲವಿಲ್ಲದವರಿಗೆ ಜಾಗವಾದರೂ ಒಳ್ಳೆಯದು ಕೊಡೋಣ ಎಂದುಕೊಂಡೆ. ರಾಮನಗರದಲ್ಲಿ ಬಂಡೆಗೇನು ಬರ? ಮುಂದಿನ ವಾರ ಮತ್ತೆಂಟು ಮೋಟು ರಾಕ್ಷಸರನ್ನು ಒಂದು ಕಡಿದಾದ ಬಂಡೆ ಹತ್ತಿಸಿದೆ. ಮೇಲಿಂದ ಕಲ್ಲು ಉರುಳಿಸಿದರು. ಮೇಷ್ಟ್ರ ಭುಜಕ್ಕೆ ಏಟು, ವೆಲ್ಡರನ ಶಿರಸ್ತ್ರಾಣ ನಜ್ಜುಗುಜ್ಜು. ನನಗಾದ ಸಂತೋಷ ಅಷ್ಟಿಷ್ಟಲ್ಲ.

“ಒಸಿ ತಡಿ. ಗಾಳಿ ಎತ್ತಗೆ ಬೀಸ್ತಾ ಐತೆ?” ಎಂದು ಕೇಳಿದ ವೆಲ್ಡರ್.

ಅದನ್ನು ಯಾರು ಯೋಚಿಸಿರುತ್ತಾರೆ? “ಕೆಳಗಿಂದ ಮೇಲಕ್ಕೆ” ಎಂದುಬಿಟ್ಟೆ.

“ಹಂಗಾದ್ರೆ ಕತ್ತಿ ಯಾಕೆ? ಒಣ ಸಗಣಿ ಮ್ಯಾಲೆ ಒಣಮೆಣಸಿನ್ಕಾಯಿ ಸುರ್ದು ಬೆಂಕಿ ಇಕ್ತೀನಿ. ಹೊಲುಕ್ಕೆ ಬಂದ ಆನೆನೇ ಓಡ್ಸಿದ್ದೀವಿ, ಇವ್ಯಾವ ಲೆಕ್ಕ!”

ದಾಳವೂ ಅವನ ಕಡೆಗೇ ಬಿತ್ತು. ರಾಕ್ಷಸರು ಕಣ್ಣು ಮೂಗು ಒರೆಸಿಕೊಳ್ಳುತ್ತಾ ತಾವಾಗಿಯೇ ಇಳಿದು ಬಂದರು. ಆ ಹೊಗೆಯನ್ನು ವರ್ಣಿಸುತ್ತಾ ವರ್ಣಿಸುತ್ತಾ ನನಗೇ ಕೆಮ್ಮು ಹತ್ತಿಕೊಂಡಿತು. ಮೇಷ್ಟ್ರು ನೀರು ಕೊಟ್ಟು, “ಮೊದಲು ನೀವು ಶರಣಾಗಿ” ಎಂದರು.

ಸಾಲು

ಸರಿ, ಎದುರು ನಿಲ್ಲುವುದೇ ಬೇಡ. ಹೊಡೆದು ಓಡಿಹೋಗಲಿ, ಚದುರಿಕೊಂಡೇ ಇರಲಿ. ಈ ಉಪಾಯ ಚೆನ್ನಾಗಿ ನಡೆಯಿತು. ಒಬ್ಬ ಪೊದೆಯಿಂದ ಹಾರಿ ಖಡ್ಗವೀರನ ಕಾಲು ಕಚ್ಚಿದ, ಇನ್ನೊಬ್ಬ ಮಂತ್ರವಾದಿಯ ಚೀಲವನ್ನೇ ಹಾರಿಸಿದ. ಮೇಷ್ಟ್ರ ಮುಖ ಕೆಂಪೇರಿತು.

“ಏಯ್! ಏನ್ ಗಲಾಟೆ ಅದು? ಎಲ್ರೂ ಬಂದು ಸಾಲಾಗಿ ನಿಂತ್ಕೊಳ್ಳಿ!” ಎಂದು ಅಬ್ಬರಿಸಿದರು.

“ನಿಂತರು ಸಾರ್” ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂದುಹೋಯಿತು. ಸಾಲಾಗಿ ನಿಂತವರಿಗೆ ಮೇಷ್ಟ್ರ ಬೆಂಕಿಯುಂಡೆ ಒಂದೇ ಸಾಕಾಯಿತು.

ವೆಲ್ಡರ್ ನನ್ನನ್ನೇ ದಿಟ್ಟಿಸುತ್ತಿದ್ದ. “ಅವು ನಿಂತ್ಕಂಡ್ವು, ಸರಿ. ನೀನ್ಯಾಕ್ಲಾ ಎದ್ದು ಕೈ ಕಟ್ಕಂಡಿದ್ದೀಯೆ?”

ಬನ್ನಿ ಊಟಕ್ಕೆ

ತಿಂಗಳ ಕಡೇ ಭಾನುವಾರ ಬಂತು. ಮೇಷ್ಟ್ರು ಇಸ್ಪೀಟು ಕಟ್ಟನ್ನು ತಂದೇಬಿಟ್ಟಿದ್ದರು. ನನ್ನ ತಲೆ ಪೂರ್ತಿ ಖಾಲಿ. ಅದೇ ಹೊತ್ತಿಗೆ ಮನೆಯ ಯಜಮಾನಿ ಬಂದರು. ದಾಳ ಮಂಚದ ಕೆಳಗೆ ಉರುಳದಿರಲೆಂದು ನಾವು ಅವರ ಮೊರದಲ್ಲಿ ಹಾಕುತ್ತಿದ್ದೆವು. ಅವರಿಗೆ ರಾಗಿ ಕೇರಲು ಅದು ಬೇಕಿತ್ತು. ನಮ್ಮ ಆಟವನ್ನು ಒಂದು ಗಳಿಗೆ ನೋಡಿದರು.

“ಪಾಪ, ಆ ಬಡಪಾಯಿಗಳ್ನ ಯಾಕಪ್ಪಾ ವಾರವಾರವೂ ಸಾಯಿಸ್ತೀಯ? ಅತ್ಲಾಗ್ ಸರಿ” ಎಂದು ನನ್ನ ಜಾಗದಲ್ಲಿ ಕೂತರು. “ನಮ್ಮ ರಾಕ್ಷಸರು ಬಾಗಿಲಿಗೆ ಬಂದು, ಅಷ್ಟು ದೂರದಿಂದ ಬಂದಿದ್ದೀರಿ, ಉಂಡ್ಕಂಡೇ ಹೋಗ್ಬೇಕು ಅಂತಾರೆ.”

ವೆಲ್ಡರನ ಕೈಯಲ್ಲಿ ದಾಳ ಹಾಗೇ ನಿಂತಿತು. “ಊಟುಕ್ಕೆ ಕರ್ದೋರ್ ಮ್ಯಾಲೆ ಕತ್ತಿ ಎತ್ತಾದು ಹೆಂಗಕ್ಕಾ?”

ಆಟದಲ್ಲಿ ಇಬ್ಬರೂ ರಾಕ್ಷಸರ ಮನೆಯೊಳಗೆ ಹೋದರು. ಚಪ್ಪಲಿಯ ಜೊತೆ ಕತ್ತಿಯನ್ನೂ ಮಂತ್ರದಂಡವನ್ನೂ ಹೊರಗೇ ಬಿಟ್ಟರು. ಎಲೆ ಬಿತ್ತು, ಮುದ್ದೆ ಬಂತು, ಅವರೆಕಾಳು ಸಾರು ಬಂತು. ಎರಡನೇ ಮುದ್ದೆಗೆ ವೆಲ್ಡರ್ ಕೈ ಅಡ್ಡ ಹಿಡಿದ.

“ಬೇಡ ಅನ್ನೋಕೆ ದಾಳ ಹಾಕು” ಎಂದರು ಯಜಮಾನಿ.

ಹಾಕಿದ, ಸೋತ. ಎರಡನೇ ಮುದ್ದೆ ಉಂಡ. ಮೂರನೆಯದಕ್ಕೂ ಸೋತ.

“ಈಗ ನಮ್ಮೋರು ಇಬ್ರು ನಿಮ್ಮ ಕತ್ತಿ, ಕೋಲು ಎತ್ಕಂಡ್ ಹೊಂಟ್ರು” ಎಂದರು ಯಜಮಾನಿ, ತಣ್ಣಗೆ.

“ಹಿಡೀರಿ ಮೇಷ್ಟ್ರೇ!” ಎಂದು ಕೂಗಿದ ವೆಲ್ಡರ್.

“ಪಂಕ್ತಿ ನಡುವೆ ಏಳೋದು ಹೆಂಗಯ್ಯಾ? ನೀನೇ ಹಿಡಿ!”

“ಎಂಜಲು ಕೈ ಸಾರ್! ಆಯುಧಪೂಜೇಲಿ ಅರಿಸಿನ ಕುಂಕುಮ ಇಟ್ಟಿರೋ ಕತ್ತಿ ಅದು!”

ಅಷ್ಟರಲ್ಲಿ ಉಳಿದ ಮೋಟುಗಳು ಇಬ್ಬರನ್ನೂ ಹಗ್ಗದಲ್ಲಿ ಕಟ್ಟಿಹಾಕಿದ್ದರು. ಒಂದು ಏಟಿಲ್ಲ, ಒಂದು ಗಾಯವಿಲ್ಲ. ಮೇಷ್ಟ್ರು ನಿಜವಾಗಿಯೂ ಬೆವರು ಒರೆಸಿಕೊಂಡರು. ನಾನು ಮಾತ್ರ ಇಸ್ಪೀಟಿನ ಕಟ್ಟನ್ನೇ ನೋಡುತ್ತಿದ್ದೆ.

ವೆಲ್ಡರ್ ಮೊರವನ್ನು ಬಡಿದು ಎದ್ದು ನಿಂತ. “ಇಸ್ಪೀಟು ಗಿಸ್ಪೀಟು ಏನೂ ಬ್ಯಾಡ. ಬರೋ ಭಾನುವಾರ ಈ ರಾಕ್ಷಸರ ಮ್ಯಾಲೆ ಸೇಡು ತೀರಿಸ್ಕೊಳ್ದೆ ಬುಡಾಕಿಲ್ಲ!”

“ಹೆಂಗಪ್ಪಾ ತೀರಿಸ್ಕೊತೀಯ?” ಎಂದರು ಯಜಮಾನಿ.

“ಮನೇಲೇ ಉಂಡ್ಕಂಡ್ ಬತ್ತೀವಿ ಕಣಕ್ಕಾ!”