ಪಕ್ಕೆಲುಬು ನೋಡಿ ಎಂದರೆ ಮೂತ್ರಪಿಂಡ ನೋಡಿದವರಿಗೆ

ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ದುಂಡಗೆ ವಿರಾಜಮಾನರಾಗಿರುವ ಮಾನ್ಯ ಸ್ಕ್ಯಾನ್ ಯಂತ್ರದವರೇ,

ಅನಂತ ನಮಸ್ಕಾರಗಳು. ತಮ್ಮ ಸನ್ನಿಧಿಯಲ್ಲಿ ಎಂಥವರೂ ಅಂಗಾತ ಮಲಗಿಯೇ ಇರಬೇಕೆಂಬ ನಿಯಮವಿದ್ದರೂ ಇಂದು ಕುರ್ಚಿಯಲ್ಲಿ ಕುಳಿತು ಬರೆಯುತ್ತಿರುವ ನನ್ನ ಉದ್ಧಟತನವನ್ನು ಮನ್ನಿಸಬೇಕು.

ನಾನು ಈಜು ಕಲಿಸುವವನು. ಕೊಳದ ದಂಡೆಯಲ್ಲಿ ಓಡಬೇಡಿ ಎಂದು ದಿನವಿಡೀ ಕೂಗುವ ನಾನೇ ಅಲ್ಲಿ ಓಡಿ, ಜಾರಿ ಬಿದ್ದು, ಪಕ್ಕೆಲುಬು ಮುರಿದಿದೆಯೇ ಎಂದು ನೋಡಿಸಲು ತಮ್ಮಲ್ಲಿಗೆ ಬಂದೆ. ಪಕ್ಕೆಲುಬು ನೆಟ್ಟಗಿತ್ತು. ಸಭ್ಯಸ್ಥರಾದವರು ಅಲ್ಲಿಗೆ ಸುಮ್ಮನಾಗುತ್ತಾರೆ. ತಾವಾದರೋ ಹಾಗೇ ಕೆಳಗೆ ಇಣುಕಿ, ಎಡ ಮೂತ್ರಪಿಂಡದಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆಯೊಂದು ಸದ್ದಿಲ್ಲದೆ ಬೆಳೆಯುತ್ತಿದೆ ಎಂದು ಜಗಜ್ಜಾಹೀರು ಮಾಡಿದಿರಿ. ಇಲಿ ಹುಡುಕಿಸಲು ಬಂದವನಿಗೆ ಹುಲಿ ತೋರಿಸಿದಿರಿ. ವೈದ್ಯರು ಚೂರು ತೆಗೆದು ಪರೀಕ್ಷಿಸಿ ಅದು ಕ್ಯಾನ್ಸರ್ ಎಂದು ಹೇಳಿದ ದಿನ ನಾನು ಕೊಳಕ್ಕಿಳಿಯಲಿಲ್ಲ. ಇದೊಂದನ್ನು ತಮಾಷೆಗೆ ಹೇಳುತ್ತಿಲ್ಲ. ತಾವು ಸಭ್ಯತೆ ಪಾಲಿಸಿದ್ದರೆ ಅದು ಇನ್ನೂ ಬೆಳೆಯುತ್ತಿತ್ತು ಎನ್ನುತ್ತಾರೆ ವೈದ್ಯರು. ತಮ್ಮ ಪರ ವಹಿಸುವುದು ಅವರ ಕರ್ತವ್ಯ.

ಎರಡನೆಯ ಭೇಟಿಯಲ್ಲಿ ತಮ್ಮೊಳಗಿನ ಹೆಣ್ಣುದನಿ ಉಸಿರು ಬಿಗಿಹಿಡಿಯಲು ಆಜ್ಞಾಪಿಸಿತು. ಅರ್ಧ ಊರಿಗೆ ಆ ವಿದ್ಯೆ ಕಲಿಸಿದವನಿಗೇ ಹೀಗೆ ಹೇಳಿದರೆ ಸುಮ್ಮನಿರಲಾದೀತೇ? ಬಿಡಿ ಎಂದರೂ ನಾನು ಬಿಡಲಿಲ್ಲ. ಗಾಜಿನಾಚೆಯಿದ್ದ ತಂತ್ರಜ್ಞೆ ಗಾಬರಿಯಿಂದ ಓಡಿಬಂದು ಕೆನ್ನೆ ತಟ್ಟಿ, "ರೀ, ಉಸಿರಾಡ್ರೀ! ಇಲ್ಲಿ ಯಾರೂ ಬಹುಮಾನ ಕೊಡಲ್ಲ" ಎಂದು ಗದರಿದಳು.

ಚಿಕಿತ್ಸೆಯ ಬಗೆಗೂ ನನ್ನ ತಕರಾರಿದೆ. ತಮ್ಮ ಚಿತ್ರಗಳನ್ನೇ ದಾರಿ ಮಾಡಿಕೊಂಡು ವೈದ್ಯರು ಬೆನ್ನಿನಿಂದ ಸೂಜಿಯೊಂದನ್ನು ಗಡ್ಡೆಯ ನಡುವಿಗೇ ಇಳಿಸಿ, ಅದನ್ನು ಮಂಜುಗಟ್ಟಿಸಿ, ಕರಗಿಸಿ, ಮತ್ತೆ ಮಂಜುಗಟ್ಟಿಸಿ ಕೊಂದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು! ಮರುದಿನವೇ ಮನೆ. ಹೆಂಡತಿ ಪಟ್ಟಿ ಬಿಚ್ಚಿ ನೋಡಿ, "ಇಷ್ಟೇನಾ? ಇದಕ್ಕಾ ನಾನು ಅಷ್ಟು ಅತ್ತಿದ್ದು?" ಎಂದವಳು, ಮತ್ತಿಷ್ಟು ಅತ್ತಳು. ಹಿಂದೆ ಇದೇ ಕಾಯಿಲೆಗೆ ಇಡೀ ಮೂತ್ರಪಿಂಡವನ್ನೇ ಕಳೆದುಕೊಂಡ ನನ್ನ ಭಾವನಿಗೆ ಹೊಟ್ಟೆಯಿಂದ ಬೆನ್ನಿನವರೆಗೂ ಹೊಲಿಗೆಯ ಗುರುತಿದೆ. ಅವರು ಅಂಗಿ ಎತ್ತಿದರೆ ಸಾಕು, ಬಸ್ಸಿನಲ್ಲಿ ಸೀಟು ಸಿಗುತ್ತದೆ. ದಿನವಿಡೀ ಬರಿಮೈಯಲ್ಲಿ ನಿಲ್ಲುವ ನನಗೆ ಮಾತ್ರ ಸೊಳ್ಳೆ ಕಚ್ಚಿದಂಥ ಒಂದು ಚುಕ್ಕೆ. ಆದ್ದರಿಂದ ಕೊಳದ ನೀರಿಗೆ ಮಾಸದಂಥ, ಗೇಣುದ್ದದ ಗಾಯದ ಗುರುತೊಂದನ್ನು ಕೂಡಲೇ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ನಾಳೆ ಮತ್ತೆ ತಮ್ಮ ಭೇಟಿ. ಸ್ಕ್ಯಾನಿಗೆಂದು ಕೈಗೆ ಚುಚ್ಚುವ ಮದ್ದು ರಕ್ತಕ್ಕೆ ಸೇರಿದಾಗ ಚಿತ್ರದಲ್ಲಿ ಆ ಜಾಗ ಬೆಳಗಿದರೆ ಗಡ್ಡೆ ಬದುಕಿದೆ, ಕಪ್ಪಗಿದ್ದರೆ ಸತ್ತಿದೆ ಎಂದಿದ್ದಾರೆ ವೈದ್ಯರು. ಮದ್ದು ಏರುವಾಗ ಮೈ ಬೆಚ್ಚಗಾಗಿ ಚಡ್ಡಿ ಒದ್ದೆಯಾದಂತೆ ಭ್ರಮೆ ಹುಟ್ಟಿಸುವ ತಮ್ಮ ತುಂಟತನವನ್ನೂ ಕ್ಷಮಿಸಿದ್ದೇನೆ. ಕಪ್ಪು ತೋರಿಸಿ, ಮಹನೀಯರೇ. ನನಗೆ ಬದುಕುವ ಆಸೆ ಬಹಳವಿದೆ.

ಎರಡೂ ಮೂತ್ರಪಿಂಡಗಳ ಸಮೇತ,
ತಮ್ಮ ವಿಶ್ವಾಸಿ,
ಈಜು ಮೇಷ್ಟ್ರು

ತಾ.ಕ.: ವರದಿ ಬಂತು. ಕಪ್ಪೋ ಕಪ್ಪು! ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಹೆಂಡತಿಯನ್ನು ಎತ್ತಿ ಕುಣಿದೆ, ಕಾವಲುಗಾರನಿಂದ ಬೈಸಿಕೊಂಡೆ. ಆಮೇಲೆ ಎರಡನೆಯ ಪುಟ ತಿರುವಿದರೆ, ಪಿತ್ತಕೋಶದಲ್ಲಿ ಸಾಸಿವೆಯಷ್ಟು ಕಲ್ಲೊಂದಿದೆ, ತೊಂದರೆಯೇನಿಲ್ಲ, ಸುಮ್ಮನೆ ತಿಳಿದಿರಲಿ ಎಂದು ಬರೆದಿದೆ. ಸ್ವಾಮೀ, ತಮ್ಮನ್ನು ಕೇಳಿದವರು ಯಾರು?